ಅರ್ಧ ದಿನದ ಕೆಲಸ ಸರಿ, ಯಾವ ಅರ್ಧ?

ಉಡುಪಿಯಲ್ಲಿ ಒಂದು ಮಹಿಳಾ ಮಂಡಳಿಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಓದಲು ಸುಲಭವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಸಂಬಳದ ಲೆಕ್ಕ ಬರೆಯುವವಳು. ಮಂಗಳೂರಿನ ಕೆಲವು ಕ್ಲಿನಿಕ್, ಅಂಗಡಿ, ಸಣ್ಣ ಕಂಪನಿಗಳ ಹಾಜರಿ ಪುಸ್ತಕ, ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ನೋಡಿಕೊಳ್ಳುತ್ತೇನೆ. ಪಾರ್ಟ್ ಟೈಮ್ ಕೆಲಸ ಮತ್ತು ಸಂಸಾರದ ಬಗ್ಗೆ ಮಾತಾಡಿ ಎಂದು ಇಲ್ಲಿಯವರು ಕೇಳಿದಾಗ, ಉಪದೇಶ ಮಾಡಲು ನನಗೆ ಬರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಕಂಡದ್ದನ್ನು ಬೇಕಾದರೆ ಹೇಳುತ್ತೇನೆ ಎಂದೆ. ಅದೇ ಸಾಕು ಎಂದರು.

ಪಾರ್ಟ್ ಟೈಮ್ ಕೆಲಸ ಹುಡುಕುವವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಗಂಟೆ? ಎಷ್ಟು ಸಂಬಳ? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಇಂಥ ಕೆಲಸ ಬಿಟ್ಟು ಹೋದವರನ್ನು ನೋಡಿದ್ದೇನಲ್ಲ, ಅವರಲ್ಲಿ ಗಂಟೆ ಜಾಸ್ತಿಯಾಯಿತು ಎಂದು ಬಿಟ್ಟವರು ಕಡಿಮೆ. ಆ ಗಂಟೆಗಳು ದಿನದ ಯಾವ ಹೊತ್ತಿಗೆ ಬಿದ್ದಿದ್ದವು ಎಂಬುದೇ ಅವರನ್ನು ಓಡಿಸಿದ್ದು.

ಕ್ಲಿನಿಕ್‌ನಲ್ಲಿ ರಿಸೆಪ್ಶನ್ ಕೆಲಸವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಬಹಳ ಕ್ಲಿನಿಕ್‌ಗಳು ದಿನಕ್ಕೆ ಎರಡು ಸಲ ಬಾಗಿಲು ತೆರೆಯುತ್ತವೆ. ಬೆಳಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆ, ಸಂಜೆ ನಾಲ್ಕೂವರೆಯಿಂದ ಏಳೂವರೆ ಎಂದಿಟ್ಟುಕೊಳ್ಳಿ. ಒಟ್ಟು ಆರೂವರೆ ಗಂಟೆ. ಕೇಳಲು ಹಗುರ. ಮಧ್ಯೆ ಮೂರೂವರೆ ಗಂಟೆ ಬಿಡುವುಂಟಲ್ಲ, ಮನೆಗೆ ಹೋಗಿ ಬನ್ನಿ ಎನ್ನುತ್ತಾರೆ. ಆ ಬಿಡುವಿನ ಹೊತ್ತಿಗೆ ಮಗು ಶಾಲೆಯಲ್ಲಿ ಇರುತ್ತದೆ. ನಾಲ್ಕು ಗಂಟೆಗೆ ಅದು ಬಂದು ಬ್ಯಾಗ್ ಇಳಿಸುವಾಗ ತಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಾಳೆ. ದಿನಕ್ಕೆ ನಾಲ್ಕು ಬಸ್ಸು. ರಾತ್ರಿ ಎಂಟು ದಾಟಿ ಮನೆ ಸೇರುವಾಗ ಮಗು ಪುಸ್ತಕದ ಮೇಲೆ ತೂಕಡಿಸುತ್ತಿರುತ್ತದೆ. ಇದೇ ಆರೂವರೆ ಗಂಟೆಯನ್ನು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಒಂದೇ ಸಲಕ್ಕೆ ಇಟ್ಟಿದ್ದರೆ ಅವಳು ಆ ಕೆಲಸ ಬಿಡುತ್ತಿರಲಿಲ್ಲ.

ಹಾಗಂತ ಆ ಕೆಲಸ ಕೆಟ್ಟದ್ದು ಎನ್ನಲಾಗದು. ಹಾಸಿಗೆ ಹಿಡಿದ ಅತ್ತೆಗೆ ಮಧ್ಯಾಹ್ನ ಊಟ ಮಾಡಿಸಿ, ಮದ್ದು ಕೊಟ್ಟು, ಮಗ್ಗುಲು ಬದಲಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಸಂಜೆ ಗಂಡನೋ ಮಗನೋ ಮನೆಗೆ ಬಂದಿರುತ್ತಾರೆ. ಪಕ್ಕದ ಮನೆಯವರಿಗೆ ಹೊಂದಿದ್ದು ನಮಗೆ ಹೊಂದಬೇಕೆಂದಿಲ್ಲ ಅಷ್ಟೆ.

ಅದಕ್ಕೇ ಕೆಲಸ ಹುಡುಕುವ ಮೊದಲು ಒಂದು ವಾರ ಮನೆಯದ್ದೇ ಹಾಜರಿ ಬರೆಯಿರಿ ಎನ್ನುತ್ತೇನೆ. ಒಂದು ಹಳೆಯ ನೋಟ್‌ಬುಕ್ ಸಾಕು. ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸಾಲು. ಪ್ರತಿ ಸಾಲಿನಲ್ಲೂ ಒಂದೇ ವಿಷಯ ಗುರುತು ಹಾಕಿ: ಈ ಹೊತ್ತಿಗೆ ಮನೆಯಲ್ಲಿ ನೀವೇ ಬೇಕೋ, ಯಾರಾದರೂ ಇದ್ದರೆ ಸಾಕೋ, ಯಾರೂ ಬೇಡವೋ. ಬರೆದು ನೋಡಿದಾಗ ಹಲವರಿಗೆ ಆಶ್ಚರ್ಯವಾಗುತ್ತದೆ. ಇಡೀ ದಿನ ನಾನಿಲ್ಲದಿದ್ದರೆ ಆಗುವುದೇ ಇಲ್ಲ ಎಂದುಕೊಂಡಿದ್ದವರಿಗೆ, ನಿಜವಾಗಿ ಅವರೇ ಬೇಕಾದ ಹೊತ್ತು ಮೂರೋ ನಾಲ್ಕೋ ಗಂಟೆ ಎಂದು ಗೊತ್ತಾಗುತ್ತದೆ. ಆ ಮೂರು ನಾಲ್ಕು ಗಂಟೆಯನ್ನು ಮಾತ್ರ ಯಾವ ಕೆಲಸಕ್ಕೂ ಬಿಟ್ಟುಕೊಡಬೇಡಿ. ಉಳಿದದ್ದರಲ್ಲಿ ಚೌಕಾಸಿ ಮಾಡಬಹುದು.

ಮಕ್ಕಳು ಬೆಳೆದಂತೆ ಈ ಹೊತ್ತು ಜಾಗ ಬದಲಿಸುತ್ತದೆ. ಮೂರು ವರ್ಷ ದಾಟಿದ ಮಗುವಾದರೆ ಅಂಗನವಾಡಿ ಬೆಳಗ್ಗೆ 9.30ರಿಂದ ಸಂಜೆ 4ರವರೆಗೆ ಇದೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ, ಆರು ತಿಂಗಳಿಂದ ಮೂರು ವರ್ಷದವರೆಗೆ, ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ಸರ್ಕಾರ ಶುರು ಮಾಡಿದೆ. 2023ರ ಬಜೆಟ್‌ನಲ್ಲಿ 4000 ಪಂಚಾಯಿತಿಗಳಿಗೆ ಎಂದು ಘೋಷಿಸಿದ್ದರು. ನಿಮ್ಮ ಪಂಚಾಯಿತಿಯಲ್ಲಿ ಉಂಟಾ ಎಂದು ಹೋಗಿ ಕೇಳಿ. ಒಂದನೇ ಕ್ಲಾಸಿನ ಮಗುವಿಗೆ ನೀವು ಬೇಕಾಗುವುದು ಶಾಲೆ ಬಿಟ್ಟ ಕೂಡಲೇ. ಒಂಬತ್ತನೇ ಕ್ಲಾಸಿನವರಿಗೆ ಆ ಹೊತ್ತಿಗೆ ನೀವು ಎದುರು ಬರದಿದ್ದರೇ ಸಂತೋಷ. ಅವರ ಜೊತೆ ಕೂರಬೇಕಾದದ್ದು ರಾತ್ರಿ. ಚಿಕ್ಕ ಮಗುವಿಗೆ ಅಂತ ಹಿಡಿದ ವೇಳೆಯನ್ನೇ ಹತ್ತು ವರ್ಷ ಎಳೆದುಕೊಂಡು ಹೋಗುವವರು ಇದ್ದಾರೆ. ಯಾಕೆ ಎಂದು ಕೇಳಿದರೆ, ಮೊದಲಿಂದ ಹಾಗೇ ಅಲ್ವಾ ಎನ್ನುತ್ತಾರೆ.

ಇನ್ನು ಮಳೆ. ಬೇರೆ ಊರಿನವರಿಗೆ ಇದು ಅರ್ಥವಾಗುವುದಿಲ್ಲ. ಜೂನ್, ಜುಲೈಯಲ್ಲಿ ರಾತ್ರಿ ಮಲಗುವ ಮುಂಚೆ ನಾವೆಲ್ಲ ಫೋನ್ ನೋಡುವುದು ಯಾಕೆ? ನಾಳೆ ಶಾಲೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರಾ ಅಂತ. ಕೆಲವು ಸಲ ಆದೇಶ ಬರುವುದು ಬೆಳಗ್ಗೆಯೇ. ಅದರ ನಡುವೆ ಹಳೆಯ ವರ್ಷದ ಆದೇಶವನ್ನು ಯಾರೋ ಪುಣ್ಯಾತ್ಮರು ಫಾರ್ವರ್ಡ್ ಮಾಡಿರುತ್ತಾರೆ. ಶಾಲೆಗೆ ರಜೆ, ಆದರೆ ಆಫೀಸಿಗೆ ರಜೆಯಿಲ್ಲ. ಆಮೇಲೆ ಆ ರಜೆ ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ಕ್ಲಾಸ್ ಇಟ್ಟರೆ, ಶನಿವಾರದ ನಿಮ್ಮ ಲೆಕ್ಕವೂ ಬುಡಮೇಲು. ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಿಬಿಡಿ: ಮಳೆ ರಜೆಯ ದಿನ ನಾನು ಬರಲಾಗದಿದ್ದರೆ ಆ ಗಂಟೆಗಳನ್ನು ಅದೇ ವಾರ ಬೇರೆ ದಿನ ಮಾಡಿಕೊಡಬಹುದಾ? ಒಪ್ಪುವ ಮಾಲೀಕರು ಇದ್ದಾರೆ. ಮೊದಲೇ ಕೇಳಿದರೆ ಒಪ್ಪುತ್ತಾರೆ, ಆ ದಿನ ಬೆಳಗ್ಗೆ ಎಂಟು ಗಂಟೆಗೆ ಫೋನ್ ಮಾಡಿದರೆ ಸಿಟ್ಟಾಗುತ್ತಾರೆ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ದಿನಾ ಅರ್ಧ ದಿನ ಒಳ್ಳೆಯದೋ, ವಾರಕ್ಕೆ ಮೂರು ದಿನ ಪೂರ್ತಿ ಒಳ್ಳೆಯದೋ?

ಪಡುಬಿದ್ರಿಯ ಒಬ್ಬರು ಮಂಗಳೂರಿಗೆ ಹೋಗಿ ಬರುತ್ತಾರೆ ಎಂದಿಟ್ಟುಕೊಳ್ಳೋಣ. ಮನೆಯಿಂದ ರಸ್ತೆಗೆ ನಡೆದು, ಬಸ್ಸಿಗೆ ಕಾದು, ಸ್ಟೇಟ್ ಬ್ಯಾಂಕ್‌ನಲ್ಲೋ ಜ್ಯೋತಿಯಲ್ಲೋ ಇಳಿದು ಆಫೀಸ್ ಸೇರಲು ಒಂದೂಕಾಲು ಗಂಟೆ. ವಾರಕ್ಕೆ 24 ಗಂಟೆ ಕೆಲಸ. ದಿನಕ್ಕೆ ನಾಲ್ಕು ಗಂಟೆಯಂತೆ ಆರು ದಿನ ಹೋದರೆ ಪ್ರಯಾಣಕ್ಕೇ 15 ಗಂಟೆ. ಎಂಟು ಗಂಟೆಯಂತೆ ಮೂರು ದಿನ ಹೋದರೆ ಏಳೂವರೆ ಗಂಟೆ. ಉಳಿದ ಏಳೂವರೆ ಗಂಟೆ ಎಂದರೆ ಹತ್ತಿರ ಹತ್ತಿರ ಒಂದು ದಿನದ ಕೆಲಸ. ಬಸ್ ಚಾರ್ಜೂ ಅರ್ಧ. ಅರ್ಧ ದಿನ ಹೋದವರಿಗೆ ಕಂಡಕ್ಟರ್ ಅರ್ಧ ಟಿಕೆಟ್ ಕೊಡುವುದಿಲ್ಲ ತಾನೇ? 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಸರ್ವಿಸ್ ಬಸ್, ಸಿಟಿ ಬಸ್ ಹೆಚ್ಚಿನವು ಖಾಸಗಿಯವು. ಬೆಂಗಳೂರಿನವರು ಉಳಿಸಿದಷ್ಟು ನಾವು ಉಳಿಸುವುದು ಕಷ್ಟ.

ಇಷ್ಟು ಕೇಳಿದರೆ ಮೂರು ದಿನವೇ ವಾಸಿ ಎನಿಸುತ್ತದೆ. ಅಷ್ಟರಲ್ಲಿ ಕಾನೂನು ಅಡ್ಡ ಬರುತ್ತದೆ. ನಮ್ಮ ಕಾರ್ಮಿಕ ಕಾನೂನುಗಳು ಬಹಳ ಕಡೆ ಲೆಕ್ಕ ಹಾಕುವುದು ದಿನಗಳನ್ನು, ಗಂಟೆಗಳನ್ನಲ್ಲ. ಒಂದು ದಿನ ನಾಲ್ಕು ಗಂಟೆ ದುಡಿದರೂ ಒಂದು ದಿನ, ಎಂಟು ಗಂಟೆ ದುಡಿದರೂ ಒಂದು ದಿನ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ಇಎಸ್‌ಐಯಲ್ಲಿ ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಬರುತ್ತಾರೆ. ಅವರಿಂದ ಶೇಕಡ 0.75, ಮಾಲೀಕರಿಂದ ಶೇಕಡ 3.25 ಹೋಗುತ್ತದೆ. ಪಾರ್ಟ್ ಟೈಮ್ ಆದರೂ ಬರುತ್ತಾರೆ. ಕಾಯಿಲೆ ಬಿದ್ದಾಗ ಕೈಗೆ ಸಿಗುವ ಹಣಕ್ಕೆ ಒಂದು ಷರತ್ತುಂಟು: ಆರು ತಿಂಗಳ ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಹೋಗಿರಬೇಕು. ಆ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಆರು ತಿಂಗಳೆಂದರೆ 26 ವಾರ. ವಾರಕ್ಕೆ ಮೂರು ದಿನ ಎಂದರೆ? ಲೆಕ್ಕ ಹಾಕಿ. ಸರಿಯಾಗಿ 78. ದಿನಗೂಲಿ ಲೆಕ್ಕದಲ್ಲಿ ಸಂಬಳ ಪಡೆಯುವವರಾದರೆ ಎರಡು ಮಳೆ ರಜೆ ಮನೆಯಲ್ಲಿ ಕೂತರೆ ಸಾಕು, ಅರ್ಹತೆ ಕೈತಪ್ಪುತ್ತದೆ. ಮಳೆಗಾಲ ಬೀಳುವುದೂ ಅದೇ ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲೇ ನೋಡಿ. ಆರು ದಿನ ನಾಲ್ಕು ಗಂಟೆಯಂತೆ ಹೋದವರಿಗೆ 156 ದಿನ ಆಗಿರುತ್ತದೆ, ಚಿಂತೆಯೇ ಇಲ್ಲ. ಸಂಬಳ ಒಂದೇ, ಗಂಟೆ ಒಂದೇ.

ಇದಕ್ಕೆ ಪರಿಹಾರ ಉಂಟು. ಇಎಸ್‌ಐ ನೋಡುವುದು ಸಂಬಳ ಸಿಕ್ಕಿದ ದಿನಗಳನ್ನು. ಹಾಗಾಗಿ ದಿನಕ್ಕಿಷ್ಟು ಎಂಬ ಲೆಕ್ಕ ಬಿಟ್ಟು ತಿಂಗಳಿಗಿಷ್ಟು ಎಂದು ಸಂಬಳ ನಿಗದಿ ಮಾಡಿಸಿಕೊಳ್ಳಿ. ರಜೆಗಳೂ ಸಂಬಳ ಸಹಿತ ರಜೆ ಆಗಿರಲಿ. ಒಂದು ಸಾಲು ಬರೆಸಿಕೊಂಡರೆ ಮುಗಿಯಿತು.

ಗ್ರಾಚ್ಯುಟಿಯಲ್ಲೂ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಿನಲ್ಲೂ, ಇದೇ ತಕರಾರು. ಒಂದು ವರ್ಷದ ಸೇವೆ ಎಂದು ಹಿಡಿಯಲು, ವಾರಕ್ಕೆ ಆರು ದಿನ ನಡೆಯುವ ಸಂಸ್ಥೆಯಾದರೆ ವರ್ಷಕ್ಕೆ 240 ದಿನ, ಆರಕ್ಕಿಂತ ಕಡಿಮೆ ದಿನ ನಡೆಯುವ ಸಂಸ್ಥೆಯಾದರೆ 190 ದಿನ ಎಂಬ ಅಳತೆ ಇದೆ. ಮೂರು ದಿನ ಹೋಗುವವರ ಲೆಕ್ಕ 156ರ ಹತ್ತಿರ ನಿಲ್ಲುತ್ತದೆ. ನಾನು ಬಿಟ್ಟೂಬಿಡದೆ ಅಲ್ಲೇ ಕೆಲಸದಲ್ಲಿದ್ದೆ ಎಂದು ನೀವು ವಾದಿಸಬಹುದು. ಆದರೆ ವಾದ ಮಾಡುತ್ತಾ ಕೂರುವುದು ಯಾರಿಗೆ ಬೇಕು? ಹೆರಿಗೆ ರಜೆ ಮಾತ್ರ ಸುಲಭ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ. ಪಾರ್ಟ್ ಟೈಮ್‌ನವರಿಗೆ ಅದು ಇಲ್ಲ ಎನ್ನುವವರ ಮಾತು ನಂಬಬೇಡಿ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಅದರಲ್ಲೂ ಈ ಲೆಕ್ಕ ಹಾಗೇ ಇದೆ. ಐವತ್ತು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವೂ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಆಫೀಸ್ ದೂರವಿದ್ದರೆ ಮೂರು ದಿನ, ನಡೆದುಹೋಗುವಷ್ಟು ಹತ್ತಿರವಿದ್ದರೆ ದಿನಾ ಅರ್ಧ ದಿನ. ಸಂತೆಕಟ್ಟೆಯವರು ಮಣಿಪಾಲಕ್ಕೆ ಹೋಗುವುದಕ್ಕೂ ಕಾರ್ಕಳದವರು ಮಂಗಳೂರಿಗೆ ಹೋಗುವುದಕ್ಕೂ ಒಂದೇ ನಿಯಮ ಹೇಳಲು ಆಗುವುದಿಲ್ಲ.

ಈ ಊರಿಗೆ ಇಂಥ ಕೆಲಸ ಹೊಸದೇನಲ್ಲ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಅಮ್ಮನೋ ಅಜ್ಜಿಯೋ ಬೀಡಿ ಕಟ್ಟಿದವರು. ಕೆಲವರು ಈಗಲೂ ಕಟ್ಟುತ್ತೀರಿ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು. ಎಲೆ ನೆನೆಹಾಕಿ, ಅಳತೆಗೆ ಕತ್ತರಿಸಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಸುತ್ತುವುದು. ನೂಲು ಕಟ್ಟಿ, ತುದಿ ಮಡಚಿ, 25ರ ಕಟ್ಟು ಮಾಡಿ ಬ್ರಾಂಚಿಗೆ ಒಪ್ಪಿಸುವುದು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಹೊತ್ತು ನಮ್ಮದೇ, ಕೇಳುವವರಿಲ್ಲ. ಅನ್ನ ಬೇಯುವಾಗ ಎರಡು ಕಟ್ಟು, ಮಗು ಮಲಗಿದಾಗ ನಾಲ್ಕು ಕಟ್ಟು. ಆದರೆ ಸಾವಿರ ಮುಗಿಯದಿದ್ದರೆ ರಾತ್ರಿ ಬಲ್ಬಿನ ಕೆಳಗೆ ಕೂರಬೇಕು, ಶಾಲೆಯಿಂದ ಬಂದ ಮಕ್ಕಳೂ ನೂಲು ಕಟ್ಟಬೇಕು. ಹೊತ್ತು ನಮ್ಮದಾದರೂ ಎಷ್ಟು ಕೆಲಸ ಎಂಬುದು ಅವರದ್ದು.

ಈಗ ವರ್ಕ್ ಫ್ರಮ್ ಹೋಮ್ ಎಂದು ಕೊಡುವ ಡೇಟಾ ಎಂಟ್ರಿ, ಆನ್‌ಲೈನ್ ಪಾಠ, ಬಿಲ್ಲಿಂಗ್ ಕೆಲಸಗಳಲ್ಲಿ ಹಲವು ಹೀಗೇ ಇವೆ. ಯಾವಾಗ ಬೇಕಾದರೂ ಮಾಡಿ ಎನ್ನುತ್ತಾರೆ. ಎಷ್ಟು ಮಾಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಒಪ್ಪುವ ಮುಂಚೆ ಒಂದು ದಿನದ ಕೆಲಸವನ್ನು ಮನೆಯಲ್ಲಿ ಮಕ್ಕಳಿರುವಾಗಲೇ ಮಾಡಿ ನೋಡಿ. ಮಕ್ಕಳು ಮಲಗಿದ ಮೇಲೆ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಮಾತು: ಮನೆಯಲ್ಲಿ ಕೂತು ದುಡಿಯುವವರಿಗೆ ಪಿಎಫ್ ಇಲ್ಲ ಎನ್ನುವವರಿಗೆ ಬೀಡಿಯ ಕಥೆ ಹೇಳಿ. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಕಾನೂನು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನಮ್ಮ ಅಜ್ಜಿಯಂದಿರ ಪಿಎಫ್ ಪಾಸ್‌ಬುಕ್ ಹಿಂದೆ ಅಷ್ಟು ದೊಡ್ಡ ವ್ಯಾಜ್ಯ ಉಂಟು.

ಪಾರ್ಟ್ ಟೈಮ್‌ನ ದೊಡ್ಡ ರೋಗ ಯಾವುದು ಗೊತ್ತಾ? ಅರ್ಧ ಸಂಬಳ, ಮುಕ್ಕಾಲು ಕೆಲಸ. ಒಂದೂವರೆಗೆ ಹೊರಡಬೇಕಾದವರು ಎರಡೂಕಾಲಕ್ಕೆ ಹೊರಡುತ್ತಾರೆ. ಮನೆಗೆ ಹೋದ ಮೇಲೆ ಮೂರು ಫೋನ್, ಆರು ಮೆಸೇಜ್. ಯಾರೂ ದ್ವೇಷದಿಂದ ಮಾಡುವುದಲ್ಲ, ಕೆಲಸ ಇರುತ್ತದೆ ಅಷ್ಟೆ. ಇದಕ್ಕೆ ಬ್ಯಾಂಕಿನವರು ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದಾರೆ. ಬ್ಯಾಂಕುಗಳ ತವರೂರಿನವರಲ್ವಾ ನಾವು, ಗೊತ್ತಿರಬೇಕು. ಗುಡಿಸುವ, ಒರೆಸುವ ಅರೆಕಾಲಿಕ ಸಿಬ್ಬಂದಿಗೆ ಬ್ಯಾಂಕ್ ವೇತನ ಒಪ್ಪಂದದಲ್ಲಿ ಮೆಟ್ಟಿಲುಗಳಿವೆ. ವಾರಕ್ಕೆ 6ರಿಂದ 13 ಗಂಟೆಯಾದರೆ ವೇತನ ಶ್ರೇಣಿಯ ಮೂರನೇ ಒಂದು ಭಾಗ, 13ರಿಂದ 19 ಗಂಟೆಗೆ ಅರ್ಧ, 19ರಿಂದ 29ಕ್ಕೆ ಮುಕ್ಕಾಲು, 29 ದಾಟಿದರೆ ಪೂರ್ತಿ. ಗಂಟೆ ಏರಿದರೆ ಸಂಬಳವೂ ಏರಲೇಬೇಕು. ಸಣ್ಣ ಅಂಗಡಿಯಲ್ಲಿ ಇಷ್ಟೆಲ್ಲ ಬರೆಸಲು ಆಗದಿರಬಹುದು. ಆದರೆ ವಾರಕ್ಕೆ ಇಂತಿಷ್ಟು ಗಂಟೆ, ಮೀರಿದರೆ ಗಂಟೆಗೆ ಇಂತಿಷ್ಟು ಎಂದು ಎರಡು ಸಾಲು ಬರೆಸಬಹುದು. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾಗುವವರೆಗೆ ಮಾತ್ರ.

ಇದೇ ರೋಗ ಮನೆ ಕಡೆಯಿಂದಲೂ ಬರುತ್ತದೆ. ಹೇಗೂ ಮಧ್ಯಾಹ್ನ ಮನೆಯಲ್ಲೇ ಇರುತ್ತೀಯಲ್ಲ ಎಂದು ಗ್ಯಾಸ್ ಬುಕ್ ಮಾಡುವುದು, ನಾದಿನಿಯ ಮಗುವನ್ನು ನೋಡುವುದು, ದೇವಸ್ಥಾನದ ಬ್ರಹ್ಮಕಲಶದ ಹೊರೆಕಾಣಿಕೆಗೆ ಓಡಾಡುವುದು ಎಲ್ಲ ಇವಳ ತಲೆಗೆ. ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಮಾಡುವ ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಬಂದಿದೆ. ಹೆಂಡತಿ ಪಾರ್ಟ್ ಟೈಮ್‌ಗೆ ಇಳಿದ ದಿನದಿಂದ ಆ 88 ಇನ್ನೂ ಇಳಿಯದಂತೆ ನೋಡಿಕೊಳ್ಳಬೇಕು. ಮನೆಯ ಹಾಜರಿ ಪುಸ್ತಕ ಬರೆಯುವಾಗ ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಎನ್ನುವುದು ಅದಕ್ಕೇ. ಗಂಡ ಗಲ್ಫ್‌ನಲ್ಲಿ ಇದ್ದರೆ ವಿಡಿಯೋ ಕಾಲ್‌ನಲ್ಲಿ ಕೂರಿಸಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಯುವಕರು ಕೇಳಿದರು: ತಂದೆಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್ ಇದೆ, ನಾನು ಕಡಿಮೆ ದಿನ ಬರುತ್ತೇನೆ ಎಂದರೆ ಆಫೀಸಲ್ಲಿ ನಗುತ್ತಾರೆ, ಗಂಡಸರಿಗೆ ಇದೆಲ್ಲ ಇಲ್ವಾ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ ಯಾವ ನೌಕರನಾದರೂ, ಗಂಡಾಗಲಿ ಹೆಣ್ಣಾಗಲಿ, ಸೇರಿದ ಮೊದಲ ದಿನದಿಂದಲೇ ಕೆಲಸದ ವೇಳೆ ಬದಲಿಸಿ ಎಂದು ಅರ್ಜಿ ಹಾಕಬಹುದು. ಮಾಲೀಕ ಎರಡು ತಿಂಗಳೊಳಗೆ ತೀರ್ಮಾನ ಹೇಳಬೇಕು. ನಮ್ಮಲ್ಲಿ ಅಂಥ ಹಕ್ಕು ಕಾನೂನಿನಲ್ಲಿಲ್ಲ. ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವುದೂ ಮಾಲೀಕರು, ನೌಕರರು ಇಬ್ಬರೂ ಒಪ್ಪಿದರೆ ಮಾತ್ರ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಚೌಕಾಸಿ. ಕಡಿಮೆ ದಿನ ಬರುತ್ತೇನೆ ಎಂದು ಶುರು ಮಾಡಬೇಡಿ. ಮಂಗಳವಾರ, ಶುಕ್ರವಾರ ಬರುವುದಿಲ್ಲ, ಆ ದಿನದ ಈ ಕೆಲಸ ಸೋಮವಾರ ಮುಗಿಸುತ್ತೇನೆ, ಮೂರು ತಿಂಗಳು ನೋಡಿ ಎಂದು ಬರೆದುಕೊಂಡು ಹೋಗಿ. ನಗುವವರು ನಕ್ಕರೂ ಆ ಕಾಗದ ಮೇಜಿನ ಮೇಲೆ ಉಳಿಯುತ್ತದೆ.

ನಿವೃತ್ತಿಗೆ ಹತ್ತಿರವಿದ್ದ ಒಬ್ಬರ ಪ್ರಶ್ನೆ: ಅಮ್ಮನನ್ನು ನೋಡಿಕೊಳ್ಳಲು ಈಗ ಅರ್ಧ ದಿನಕ್ಕೆ ಇಳಿದರೆ ಪೆನ್ಶನ್‌ಗೆ ತೊಂದರೆಯಾ? ಪಿಎಫ್ ಜೊತೆಗಿನ ಪೆನ್ಶನ್ ಲೆಕ್ಕಕ್ಕೆ ಕೊನೆಯ 60 ತಿಂಗಳ ಸಂಬಳದ ಸರಾಸರಿ ಹಿಡಿಯುತ್ತಾರೆ, ಹೆಚ್ಚಿನವರಿಗೆ ಅದರ ಮಿತಿ 15,000. ಇಳಿದ ಮೇಲೂ ಪಿಎಫ್ ಲೆಕ್ಕದ ನಿಮ್ಮ ಸಂಬಳ 15,000 ಇದ್ದರೆ ತೊಂದರೆಯಿಲ್ಲ, ಅದಕ್ಕಿಂತ ಕೆಳಗೆ ಬಿದ್ದರೆ ಪೆನ್ಶನ್ ಇಳಿಯುತ್ತದೆ. ಹಾಗಿದ್ದರೂ ಬಿಟ್ಟು ಮನೆಯಲ್ಲಿ ಕೂರುವುದಕ್ಕಿಂತ ಅರ್ಧ ದಿನವಾದರೂ ಇರುವುದು ಮೇಲು. ಪೆನ್ಶನ್‌ಗೆ ಬೇಕಾದ 10 ವರ್ಷದ ಸರ್ವಿಸ್ ಓಡುತ್ತಿರುತ್ತದೆ.

ಕೊನೆಗೆ ಬ್ರಹ್ಮಾವರದಿಂದ ಬಂದಿದ್ದ ಒಬ್ಬರು ಕೇಳಿದರು: ಒಮ್ಮೆ ಅರ್ಧ ದಿನಕ್ಕೆ ಇಳಿದರೆ ಮತ್ತೆ ಪೂರ್ತಿ ಕೆಲಸ ಸಿಗುತ್ತದಾ? ಸುಮ್ನೆ ಕಾದರೆ ಸಿಗುವುದಿಲ್ಲ. ಪತ್ರದಲ್ಲೇ ಮರುಪರಿಶೀಲನೆಗೆ ಒಂದು ತಾರೀಕು ಹಾಕಿಸಿ. ಮಾರ್ಚ್ ಬೇಡ, ಲೆಕ್ಕಪತ್ರ ಮುಗಿಸುವ ಗಡಿಬಿಡಿಯಲ್ಲಿ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಮೇ ಎರಡನೇ ವಾರ ಇಡಿ. ಅಷ್ಟರಲ್ಲಿ ಮಗು ಮುಂದಿನ ವರ್ಷ ಯಾವ ಶಾಲೆ, ವ್ಯಾನ್ ಎಷ್ಟು ಗಂಟೆಗೆ ಎಂಬುದು ಗೊತ್ತಾಗಿರುತ್ತದೆ, ಶಾಲೆ ಶುರುವಾಗುವ ಮುಂಚೆ ಹೊಸ ವೇಳೆ ಹೊಂದಿಸಿಕೊಳ್ಳಲು ಎರಡು ವಾರ ಸಿಗುತ್ತದೆ.